ಅಣ್ಣನ ಗಾಡಿಯ ದುಂಡು ತೂತು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಿಟ್ಟಿನ ಗಿರಣಿಯ ಚನಮಲ್ಲಪ್ಪನವರು. ಸೋಮವಾರದ ಭಜನೆ ಮುಗಿಸಿ, ತಾಳಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತ ಹೇಳಿದರು. ಶಿವ ನೆನಪು ಕೊಟ್ಟಷ್ಟು ನಾನೂ ಹೇಳುತ್ತೇನೆ.

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಈಶ್ವರನ ಒಂದು ಗುಡಿ, ಎರಡು ಕೋಣೆ, ಒಂದು ಬೇವಿನ ಮರ. ಅಲ್ಲಿ ನೀಲಕಂಠಜ್ಜ ಎಂಬ ಗುರುಗಳಿದ್ದರು. ಅವರ ಬಳಿ ಫಕೀರಪ್ಪ ಎಂಬ ಶಿಷ್ಯನಿದ್ದ.

ಬೇವಿನ ಮರದ ಕೆಳಗೆ ಒಂದು ಹಳೆಯ ಮೋಟರ್ ಸೈಕಲ್ಲು. ಡಾಂಬರು ರಸ್ತೆಗೂ ಸೈ, ಕಲ್ಲು ದಾರಿಗೂ ಸೈ ಎನ್ನುವಂಥ ಎತ್ತರದ ಗಾಡಿ. ಹಳ್ಳ ದಾಟುವಾಗ ನೀರು ನುಗ್ಗಬಾರದೆಂದು ಅದರ ಸೈಲೆನ್ಸರ್ ಸೀಟಿನ ಪಕ್ಕದವರೆಗೆ ಏರಿ, ಹಿಂದಕ್ಕೆ ಬಾಯಿ ತೆರೆದಿತ್ತು.

ಗಾಡಿ ಫಕೀರಪ್ಪನ ಅಣ್ಣ ದ್ಯಾಮಣ್ಣನದು. ದ್ಯಾಮಣ್ಣ ಜ್ವರ ಬಂದು ತೀರಿಕೊಂಡಿದ್ದ. ಮಣ್ಣು ಮಾಡಿದ ದಿನ ಇಡೀ ಓಣಿ ಅತ್ತಿತು. ಫಕೀರಪ್ಪ ಅಳಲಿಲ್ಲ. ಅದೇ ಗಾಡಿ ಹತ್ತಿ ಆಶ್ರಮಕ್ಕೆ ಬಂದವನು ಮತ್ತೆ ಊರ ಕಡೆ ಮುಖ ಮಾಡಿರಲಿಲ್ಲ.

ಒಮ್ಮೆ ಅವನು ಗುರುಗಳನ್ನು ಕೇಳಿದ: “ಅಜ್ಜಾರ, ಅಣ್ಣ ಹೋದಾಗಿಂದ ನನಗ ಒಂದು ಹನಿ ಕಣ್ಣೀರು ಬಂದಿಲ್ರೀ. ದುಃಖ ಗೆದ್ದಂಗ ಆತಲ್ಲ?”

ಅಜ್ಜ ಪೂಜೆಗೆ ಕಣಗಿಲ ಹೂ ಬಿಡಿಸುತ್ತಿದ್ದರು. “ಗಾಡಿ ಕೆಲಸ ಎಲ್ಲಿಗೆ ಬಂತೋ ತಮ್ಮಾ?” ಎಂದರು.

“ಇನ್ನೂ ರಿಪೇರಿ ಐತ್ರೀ.”

“ಮತ್ತ ಅದನ್ನ ಮೊದಲು ಮಾಡು.”

ಮುಂಗಾರು ಹಿಡಿದ ಹೊತ್ತಿಗೆ ಊರಿನಿಂದ ಬಂದ ಭಕ್ತರೊಬ್ಬರು ಅವ್ವನ ಮಾತು ತಂದರು. ಬರುವ ಅಮಾವಾಸ್ಯೆಗೆ ದ್ಯಾಮಣ್ಣ ಹೋಗಿ ವರ್ಷ ತುಂಬುತ್ತದೆ. ಅವ್ವ ಹೀಗೆ ಹೇಳಿ ಕಳಿಸಿದ್ದಳು: “ಆ ಗಾಡಿ ಸಪ್ಪಳ ನನ್ನ ಅಂಗಳದಾಗ ಒಮ್ಮೆ ಕೇಳಬೇಕು. ನನ್ನ ಹಿಂದ ಕೂಡಿಸಿಕೊಂಡು ಹೊಲಕ್ಕ ಹೋಗಲಿ, ಅವನ ಸಮಾಧಿಗೆ ಹೂ ಏರಿಸಿ ಬರತೀನಿ. ಫಕೀರ ಬರಲಿಲ್ಲ ಅಂದರ ನಾನೂ ಹೋಗೂದಿಲ್ಲ.”

ಫಕೀರಪ್ಪ ಬೇವಿನ ಮರದ ಕಡೆ ನೋಡಿದ. ಆಮೇಲೆ, “ಗಾಡಿ ಸರಿ ಆದರ ಹೋಗತೀನ್ರಿ ಅಜ್ಜಾರ” ಎಂದ.

“ಆಗದಿದ್ದರ?”

ಅವನು ನಟ್ಟು ಬಿಚ್ಚುವ ಪಾನಾ ಹುಡುಕಲು ಎದ್ದ.

ಸೈಲೆನ್ಸರ್ ಒಂದು ಕಡೆ ಸೀಳಿತ್ತು. ಕಿಕ್ ಹೊಡೆದರೆ ಗುಡಿಯ ಪಾರಿವಾಳಗಳೆಲ್ಲ ಹಾರಿಹೋಗುವಂಥ ಸದ್ದು. ಅದು ಅಣ್ಣನ ಗಾಡಿಯ ಸದ್ದಲ್ಲ. ಅಣ್ಣನ ಗಾಡಿ ಗುಡುಗುಡು ಎಂದು ಮೆತ್ತಗೆ ಮಾತಾಡುತ್ತಿತ್ತು. ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅವ್ವ ರೊಟ್ಟಿಯ ಹಂಚು ಒಲೆಗೆ ಇಡುತ್ತಿದ್ದಳು.

ಫಕೀರಪ್ಪ ಎಣ್ಣೆಯ ಡಬ್ಬಿ ಕತ್ತರಿಸಿದ. ಆ ತಗಡನ್ನು ಸೀಳಿಗೆ ಸುತ್ತಿ, ಬಿಸಿಗೆ ಗಟ್ಟಿಯಾಗುವ ಲೇಪ ಮೆತ್ತಿ, ಎರಡೂ ತುದಿಗೆ ಕಬ್ಬಿಣದ ಪಟ್ಟಿ ಬಿಗಿದ. ತನ್ನ ಕೆಲಸಕ್ಕೆ ತಾನೇ ತಲೆದೂಗಿದ.

ಆಗ ಕಣ್ಣಿಗೆ ಬಿತ್ತು, ಸೈಲೆನ್ಸರಿನ ಅಡಿಯಲ್ಲಿ ಜೋಳದ ಕಾಳಿನಷ್ಟು ಒಂದು ತೂತು. ಅದರಿಂದ ಒಂದು ಹನಿ ನೀರು ಇಳಿಯುತ್ತಿತ್ತು.

ಒಂದು ಸ್ಕ್ರೂ ತಂದು ಅದರೊಳಗೆ ತಿರುವಿದ. ಮೇಲೆ ಲೇಪ ಮೆತ್ತಿದ.

ಅಜ್ಜ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. “ಅದೇನೋ ಅದು?”

“ತೂತ್ರೀ. ನೀರು ಸೋರತಿತ್ತು.”

“ನಿಮ್ಮಣ್ಣ ಇದ್ದಾಗ ಇತ್ತೇನು?”

“ಇದ್ದಿರಬೇಕು. ಪಾಪ, ಅವಂಗ ಕಂಡಿಲ್ಲ ಕಾಣತೈತಿ.”

“ನಿನಗ ಕಂಡಿತು.”

“ಹೂಂನ್ರಿ, ಮುಚ್ಚಿಬಿಟ್ಟೆ.” ಫಕೀರಪ್ಪ ಕೈ ಒರೆಸಿಕೊಂಡ.

ಇನ್ನು ಉಳಿದದ್ದು ಹಿಂದಿನ ಶಾಕ್, ಕುಲುಕು ತಡೆಯುವ ಸ್ಪ್ರಿಂಗು. ಕೂತರೆ ಸಾಕು, ಗಾಡಿ ಹಿಂದಕ್ಕೆ ಕುಸಿಯುತ್ತಿತ್ತು. ಸ್ಪ್ರಿಂಗಿನ ಬುಡದಲ್ಲಿ ಬಿಗಿ ಹೆಚ್ಚು ಕಡಿಮೆ ಮಾಡುವ ಬಳೆಯೊಂದಿರುತ್ತದೆ. ಅದನ್ನು ತಿರುವಿದ. ಇನ್ನೂ ತಿರುವಿದ. ಇನ್ನು ತಿರುಗುವುದೇ ಇಲ್ಲ ಎನ್ನುವವರೆಗೆ ತಿರುವಿ, ಸೀಟಿನ ಮೇಲೆ ಧೊಪ್ಪನೆ ಕೂತು ನೋಡಿದ. ಗಾಡಿ ಕೂದಲೆಳೆಯಷ್ಟೂ ತಗ್ಗಲಿಲ್ಲ.

“ನೋಡ್ರಿ ಅಜ್ಜಾರ! ಈಗ ಯಾರು ಕೂತರೂ ಇದು ಬಗ್ಗಂಗಿಲ್ಲ.”

“ಭಪ್ಪರೆ!” ಎಂದರು ಅಜ್ಜ. “ಹಂಗಾದ್ರ ನನ್ನನ್ನೂ ಒಂದು ಸುತ್ತು ಹಾಕಿಸು. ತಡಿ, ಮಜ್ಜಿಗೆ ಗಡಿಗಿ ತರತೀನಿ. ಹೊಳೀ ಸ್ನಾನಘಟ್ಟದ ಕಲ್ಲಿನ ಮ್ಯಾಲೆ ಕೂತು ಇಬ್ಬರೂ ಕುಡಿಯೂಣು.”

ಅಜ್ಜ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಹೊಳೆದಂಡೆಯ ದಾರಿಯೆಲ್ಲ ಕಲ್ಲು. ಒಂದೊಂದು ಕಲ್ಲಿಗೂ ಗಾಡಿ ನೆಗೆದು ನೆಗೆದು ಬಿದ್ದಿತು. ಅಜ್ಜ ಗಡಿಗೆಯನ್ನು ಎದೆಗೆ ಅವುಚಿಕೊಂಡರು.

ಘಟ್ಟ ಮುಟ್ಟಿ ಫಕೀರಪ್ಪ ತಿರುಗಿ ನೋಡಿದ. ಗಡಿಗೆ ಬರಿದಾಗಿತ್ತು. ಅಜ್ಜನ ಕಾವಿ ಎದೆಯಿಂದ ಮೊಣಕಾಲಿನವರೆಗೆ ಒದ್ದೆ. ಗಡ್ಡದ ತುದಿಯಲ್ಲಿ ಒಂದು ಕರಿಬೇವಿನ ಎಲೆ.

“ಅಯ್ಯೋ ಶಿವನೇ! ಎಲ್ಲಾ ಚೆಲ್ಲಿತಲ್ರೀ!”

“ಎಲ್ಲಿ ಚೆಲ್ಲೇತಿ? ಎಲ್ಲಾ ನನ್ನ ಮೈಮ್ಯಾಲೇ ಐತಿ.” ಅಜ್ಜ ಎಲೆಯನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಸೊಂಟ ಹಿಡಿದುಕೊಂಡು ಮೆಲ್ಲಗೆ ಕಲ್ಲಿನ ಮೇಲೆ ಕೂತರು. “ನಿಮ್ಮವ್ವ ನನ್ನಕಿಂತ ಸಣ್ಣಾಕಿನೋ, ದೊಡ್ಡಾಕಿನೋ?”

ಫಕೀರಪ್ಪ ತಲೆ ತಗ್ಗಿಸಿದ. ಅವ್ವನಿಗೆ ಮೊದಲೇ ಸೊಂಟ ನೋವು. ಅವಳನ್ನು ಹೊಲದ ದಾರಿಯಲ್ಲಿ ಕರೆದೊಯ್ಯುವುದು ಅಣ್ಣನೊಬ್ಬನಿಂದಲೇ ಆಗುತ್ತಿತ್ತು.

ಹೊಳೆಯ ನೀರು ನೋಡುತ್ತ ಅವನು ಹೇಳಿದ: “ನಮ್ಮಣ್ಣ ಏನ ಮಾಡತಿದ್ದ ಗೊತ್ತೇನ್ರಿ? ಗಾಡೀನ ಮನಿ ಗ್ವಾಡಿಗೆ ಆನಿಸಿ ಹಿಡಿದು, ಮೊದಲು ಅವ್ವನ್ನ ಮ್ಯಾಲೆ ಕೂಡಿಸತಿದ್ದ. ಸೀಟು ಒಂದೆರಡು ಬೆರಳು ತಗ್ಗಬೇಕು, ಅಲ್ಲೀತನ ಆ ಬಳೀ ತಿರುವತಿದ್ದ. ತಗ್ಗಿದ ಕೂಡಲೇ ಅಂತಿದ್ದ, ‘ನೋಡು ಯವ್ವಾ, ಗಾಡಿ ನಿನಗ ನಮಸ್ಕಾರ ಮಾಡ್ತು’ ಅಂತ.”

“ನಿಮ್ಮವ್ವ ಏನಂತಿದ್ದಳು?”

“‘ನನಗ್ಯಾಕೋ, ನಿನಗ ಬುದ್ಧಿ ಕೊಟ್ಟ ದೇವರಿಗೆ ಮಾಡಲಿ’ ಅಂತಿದ್ದಳ್ರಿ.”

ಇಬ್ಬರೂ ನಕ್ಕರು. ಫಕೀರಪ್ಪನ ನಗು ಅರ್ಧಕ್ಕೇ ನಿಂತಿತು. ಕೆಮ್ಮಿ, ಬಾಯಿಗೆ ದೂಳು ಹೋಯಿತೆಂದು ಹೇಳಿದ. ಹಿಂದಿನ ದಿನವಷ್ಟೇ ಮಳೆ ಬಂದು ಹೋಗಿತ್ತು. ದಂಡೆಯಲ್ಲಿ ದೂಳೇ ಇರಲಿಲ್ಲ.

ಆಶ್ರಮಕ್ಕೆ ಬಂದ ಮೇಲೆ ಅವನು ಬಳೆ ಸಡಿಲಿಸಿದ. ಅಜ್ಜನನ್ನು ಕೂಡಿಸಿ ನೋಡಿದ, ಮತ್ತಿಷ್ಟು ಸಡಿಲಿಸಿದ. ಕಡೆಗೊಮ್ಮೆ ಅಜ್ಜ ಕೂತೊಡನೆ ಗಾಡಿ ಎರಡು ಬೆರಳು ತಗ್ಗಿ ನಿಂತಿತು.

ಅಜ್ಜ ಗಾಡಿಗೆ ಎರಡೂ ಕೈ ಜೋಡಿಸಿದರು. “ಶರಣು ಶರಣಾರ್ಥಿ” ಎಂದರು.

ಮಳೆ ಮತ್ತೆ ಬಂತು, ಹೋಯಿತು. ಗಾಡಿ ಬೇವಿನ ಮರದ ಕೆಳಗೆ ನೆನೆಯಿತು.

ಅಮಾವಾಸ್ಯೆಯ ಬೆಳಿಗ್ಗೆ ಫಕೀರಪ್ಪ ಸ್ನಾನ ಮುಗಿಸಿ ಗುಡಿಗೆ ಹೋದ. ಅಲ್ಲಿ ಲಿಂಗದ ಮೇಲೆ ತಾಮ್ರದ ಧಾರಾಪಾತ್ರೆ ತೂಗುಹಾಕಿರುತ್ತದೆ. ಅದಕ್ಕೆ ನೀರು ತುಂಬುವುದು ಅವನ ನಿತ್ಯದ ಸೇವೆ. ತುಂಬಿದರೆ ತಳದಿಂದ ಹನಿ ಹನಿಯಾಗಿ ಲಿಂಗದ ಮೇಲೆ ಬೀಳುತ್ತದೆ.

ಅಂದು ತುಂಬಿದ. ಒಂದು ಹನಿಯೂ ಬೀಳಲಿಲ್ಲ. ಲಿಂಗ ಒಣಗಿಯೇ ಇತ್ತು.

ಪಾತ್ರೆಯ ತಳಕ್ಕೆ ಕೈ ಹಾಕಿ ನೋಡಿದರೆ ಜೇನುಮೇಣ ಒತ್ತಿದೆ.

“ಅಜ್ಜಾರ! ಇದನ್ನ ಯಾರು ಮುಚ್ಚ್ಯಾರ್ರಿ?”

“ನಾನ,” ಎಂದರು ಅಜ್ಜ, ವಿಭೂತಿ ಧರಿಸುತ್ತ. “ತೂತು ಬಿದ್ದಿತ್ತು. ನೀರು ಸೋರತಿತ್ತು.”

ಫಕೀರಪ್ಪನಿಗೆ ನಗು ಬಂತು. “ಏನ್ರೀ ಅಜ್ಜಾರ, ದಿನಾ ಪೂಜಿ ಮಾಡೋರು ನೀವು! ಅದು ಬಿದ್ದ ತೂತಲ್ರೀ, ಬೇಕಂತ ಇಟ್ಟ ತೂತು.”

“ಹೆಂಗ ಹೇಳತಿ?”

ಫಕೀರಪ್ಪ ಮೇಣ ಕಿತ್ತು ತೋರಿಸಿದ. “ನೋಡ್ರಿಲ್ಲೆ. ಒಡೆದದ್ದಾದ್ರ ಹರಕುಮುರಕು ಇರತಿತ್ತು. ಇದು ಎಷ್ಟು ದುಂಡಗೈತಿ. ಮಾಡಿದವರು ತಿಳಿದೇ...”

ಅವನ ಕಣ್ಣು ಹೊರಗೆ ನಿಂತಿದ್ದ ಗಾಡಿಯ ಕಡೆ ಹೊರಳಿತು.

ಪಾತ್ರೆ ಬಿಟ್ಟು ಹೊರಗೆ ಬಂದ. ಬೇವಿನ ಮರದ ಕೆಳಗೆ ಮೊಣಕಾಲೂರಿದ. ಲೇಪ ಕೆರೆದು, ಸ್ಕ್ರೂ ತಿರುವಿದ. ಒಂದು ಸುತ್ತು, ಇನ್ನೊಂದು ಸುತ್ತು. ಸ್ಕ್ರೂ ಕಳಚಿದ್ದೇ ತಡ, ಒಳಗೆ ನಿಂತಿದ್ದ ಮಳೆ ನೀರು ಅವನ ಅಂಗೈಗೆ ಇಳಿಯಿತು. ಇಟ್ಟಿಗೆಯ ಬಣ್ಣ. ಸೈಲೆನ್ಸರನ್ನು ಒಳಗಿನಿಂದ ಆಗಲೇ ತುಕ್ಕು ತಿನ್ನತೊಡಗಿತ್ತು.

ಎಲ್ಲ ಇಳಿಯುವವರೆಗೆ ಅವನು ಕೈ ತೆಗೆಯಲಿಲ್ಲ.

ಅಜ್ಜ ಬಂದು ಪಕ್ಕದಲ್ಲಿ ನಿಂತರು. ಅವರ ಕೈಯಲ್ಲಿ ಸಮಾಧಿಗೆಂದು ಕಟ್ಟಿದ ಕಣಗಿಲ ಹೂವಿನ ಪೊಟ್ಟಣವಿತ್ತು. ಅದನ್ನು ತಾವೇ ಹ್ಯಾಂಡಲಿಗೆ ಕಟ್ಟಿದರು.

ಫಕೀರಪ್ಪ ತಲೆ ಎತ್ತದೆ ಕೇಳಿದ: “ಅಜ್ಜಾರ, ಅಂಗಳದಾಗ ಗಾಡಿ ನಿಂತಾಗ ಅವ್ವ ನನ್ನ ಮಾರಿ ನೋಡತಾಳ. ಆಗ ತಡೀಲಾರದ ಅಳು ಬಂದರ? ಒಂದು ವರ್ಷದ ಸಾಧನೆ ನೀರಾಗ ಹೋದಂಗ ಅಲ್ಲೇನ್ರಿ?”

ಅಜ್ಜ ಅವನ ಕೈ ಹಿಡಿದರು. ಒದ್ದೆ ಅಂಗೈಯನ್ನು ತಮ್ಮ ಕಾವಿಯ ಸೆರಗಿನಿಂದ ಒರೆಸಿದರು. ಬೆರಳುಗಳ ನಡುವೆ ಸಿಕ್ಕಿದ್ದ ಆ ಸ್ಕ್ರೂವನ್ನು ಮೆಲ್ಲಗೆ ಬಿಡಿಸಿಕೊಂಡು, ತಮ್ಮ ವಿಭೂತಿಯ ಚೀಲದೊಳಗೆ ಹಾಕಿ, ದಾರ ಎಳೆದು ಗಂಟು ಹಾಕಿದರು.

“ಇದು ನನ್ನ ಕಡೆ ಇರಲಿ, ಫಕೀರಾ. ನೀ ಗಾಡಿ ಚಾಲೂ ಮಾಡು. ನಿಮ್ಮವ್ವ ಹಂಚು ಇಡಬೇಕಲ್ಲ.”

ಕೇಳಿದ ನೀವು ಇದನ್ನು ಇನ್ನೊಬ್ಬರಿಗೆ ಹೇಳಿರಿ. ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟು, ಪಕ್ಕದಲ್ಲಿ ಕೂತು, ಅವಸರವಿಲ್ಲದೆ ಹೇಳಿರಿ.