ಕೊಂಬಿನ ಬುಡದ ಹಸಿವು

ಒದ್ದೆ ಮಣ್ಣಿಗೆ ಅಂಟಿಕೊಂಡ ತಾಯಿ ಹಾವಸೆಯ ಮೈಮೇಲೆ ಅವಳ ಮಗ ಹಸಿರು ಕೊಂಬಿನಂತೆ ನೆಟ್ಟಗೆ ಬೆಳೆದಿದ್ದ. ತಾಯಿಗೂ ಮಗನಿಗೂ ನಡುವೆ ಬಾಗಿಲಿರಲಿಲ್ಲ. ಅವಳು ಕೊಟ್ಟ ನೀರು, ಅನ್ನವೆಲ್ಲ ಜೀವಕೋಶಗಳ ಗೋಡೆಯಿಂದ ಜಿನುಗಿಯೇ ದಾಟಬೇಕಿತ್ತು. ಹೆಚ್ಚು ಜಿನುಗಲಿ ಎಂದು ಗಡಿಯಲ್ಲಿದ್ದ ತಾಯಿಯ ಜೀವಕೋಶಗಳು ತಮ್ಮ ಗೋಡೆಯನ್ನು ಮಡಿಕೆ ಮಡಿಕೆಯಾಗಿ ಮಡಚಿಕೊಂಡಿದ್ದವು.

ಕೊಂಬಿನ ತುದಿ ಮಾಗಿ, ಸೀಳಿ, ಧೂಳಿನಂಥ ಬೀಜಕಗಳನ್ನು ಗಾಳಿಗೆ ಬಿಡುತ್ತಿತ್ತು. ಅಲ್ಲಿಂದಲೇ ಅದು ಹೇಳಿತು: “ಅಮ್ಮ, ನಾನೂ ಹಸಿರಾಗಿದ್ದೇನೆ. ನನ್ನ ಅನ್ನ ನಾನೇ ಮಾಡಿಕೊಳ್ಳಬಲ್ಲೆ. ಇನ್ನು ನಿನ್ನ ಹಂಗು ಬೇಡ.”

“ಒಳ್ಳೆಯದಾಯಿತಪ್ಪ,” ಎಂದಳು ತಾಯಿ. “ಹಾಗಾದರೆ ಈ ಮಡಿಕೆಗಳನ್ನು ಬಿಚ್ಚಿ ಸ್ವಲ್ಪ ಮೈ ಚಾಚಲೇ? ಸಾಕಾಗಿದೆ.”

“ಧಾರಾಳವಾಗಿ,” ಎಂದಿತು ತುದಿ.

ತಾಯಿ ಒಂದು ಮಡಿಕೆ ಸಡಿಲಿಸಿದಳು. ಆದರೆ ಕೊಂಬು ಬೆಳೆಯುವುದು ಬುಡದಿಂದ. ಅಲ್ಲಿ ಆಗತಾನೇ ಹುಟ್ಟಿದ ಕೋಶವೊಂದು, ತುದಿಯ ಮಾತು ಕೇಳಿಸದಷ್ಟು ಕೆಳಗೆ, ಗೋಡೆಗೆ ಬಾಯಿಟ್ಟು, “ಅಮ್ಮ, ಹಸಿವು,” ಎಂದಿತು.

ತಾಯಿ ಬಿಚ್ಚಿದ ಮಡಿಕೆಯನ್ನು ಮತ್ತೆ ಮಡಚಿಕೊಂಡಳು.

“ಇನ್ನೂ ಮಲಗಲಿಲ್ಲವೇ ಅಮ್ಮ?” ಎಂದು ತುದಿ ಮೇಲಿನಿಂದ ಕೇಳಿತು.

“ಇಲ್ಲಪ್ಪ,” ಎಂದಳು ತಾಯಿ. “ನೀನಿನ್ನೂ ಹುಟ್ಟಿ ಮುಗಿದಿಲ್ಲ.”