ಸುಮ್ಮನೆ ಕೂತಿದ್ದ ಮುಸುವ

ಒಂದು ಕಾಡಿನಲ್ಲಿ, ಮುತ್ತುಗದ ಮರ ಆ ವರ್ಷದ ಮೊದಲ ಹೂ ಬಿಟ್ಟ ದಿನ, ಒಂದು ಮುಸುವ, ಅದೇ ಕರಿಮೋರೆಯ ಕೋತಿ, ತನ್ನ ಗುಂಪನ್ನು ಬಿಟ್ಟು ನಡೆಯಿತು. ಆಗ ಅದಿನ್ನೂ ಚಿಕ್ಕದು. ಹಿರಿಯ ಮುಸುವ ಮರಿಗಳಿಗೆಲ್ಲ ಯಾವ ಕೊಂಬೆ ಎಷ್ಟು ಭಾರ ತಡೆಯುತ್ತದೆ ಎಂದು ಪಾಠ ಹೇಳುತ್ತಿತ್ತು. ಇದು ಪಾಠದ ನಡುವೆಯೇ ಎದ್ದು, ಮುರಿಯುವ ಕೊಂಬೆಯನ್ನು ಮುರಿದೇ ತಿಳಿಯೋಣ ಅಂತ ಹೊರಟುಬಿಟ್ಟಿತು. ಅಂದಿನಿಂದ ಎಲ್ಲಿಯೂ ಒಂದು ವರ್ಷ ಪೂರ್ತಿ ನಿಂತದ್ದಿಲ್ಲ.

ಹೀಗೆ ಅಲೆಯುತ್ತ ಅದು ಒಂದು ಹಳ್ಳದ ದಂಡೆಗೆ ಬಂತು. ಅಲ್ಲೊಂದು ದೊಡ್ಡ ನೇರಳೆ ಮರ. ಮರದ ಕೆಳಗೆ ಚುಕ್ಕೆ ಜಿಂಕೆಯೊಂದು ಇತ್ತು. ಜಿಂಕೆಗೆ ಆಗಷ್ಟೇ ಮರಿಯಾಗಿತ್ತು. ಮರಿಗೆ ಇನ್ನೂ ಓಡಲು ಬರುತ್ತಿರಲಿಲ್ಲ. ತಾಯಿ ಅದನ್ನು ಎತ್ತರದ ಹುಲ್ಲಿನಲ್ಲಿ ಬಚ್ಚಿಟ್ಟು ಮೇಯುತ್ತಿತ್ತು.

ಮುಸುವ ಬೆಳಗ್ಗೆಯೆಲ್ಲ ಹಣ್ಣು ಹುಡುಕಿಕೊಂಡು ಸುತ್ತುತ್ತಿತ್ತು. ಮಧ್ಯಾಹ್ನ ಬಂದು ನೇರಳೆ ಮರದ ತುದಿಯಲ್ಲಿ ಬಾಲ ಇಳಿಬಿಟ್ಟು ಸುಮ್ಮನೆ ಕೂರುತ್ತಿತ್ತು. ಒಂದು ಚಿಗುರು ಕಿತ್ತು ಅರ್ಧ ತಿಂದು ಅರ್ಧ ಕೆಳಗೆ ಬಿಸಾಡುತ್ತಿತ್ತು. ಜಿಂಕೆ ಅದನ್ನು ತಿನ್ನುತ್ತಿತ್ತು. ಸುಮ್ಮನೆ ಕೂತವರ ಕಣ್ಣು ಎಲ್ಲಿಗಾದರೂ ಹೋಗಲೇಬೇಕಲ್ಲ. ಮುಸುವನ ಕಣ್ಣು ಹುಲ್ಲಿನ ಮೇಲೆ ಹೋಗುತ್ತಿತ್ತು. ಆ ಹುಲ್ಲಿಗೆ ಒಂದು ಹುಲಿ ಹೊಂಚು ಹಾಕಲು ಬರುತ್ತಿತ್ತು. ಅದರ ಒಂದು ಪಟ್ಟೆ ಅಲ್ಲಾಡಿದರೂ ಸಾಕು, ಮುಸುವ "ಖೆಕ್! ಖೆಕ್!" ಎಂದು ಕೂಗುತ್ತಿತ್ತು. ಕೂಗಿಬಿಟ್ಟರೆ ಹುಲಿಯ ಬೇಟೆ ಕೆಟ್ಟಂತೆಯೇ. ಗುಟ್ಟು ಬಯಲಾದ ಮೇಲೆ ಹುಲಿ ಅಲ್ಲಿ ನಿಲ್ಲುತ್ತಿರಲಿಲ್ಲ, ಬಂದ ದಾರಿ ಹಿಡಿಯುತ್ತಿತ್ತು.

ಹುಲಿ ಉಪವಾಸ ಬಿತ್ತು. ಹುಲಿ ಬಿಟ್ಟದ್ದನ್ನು ತಿಂದು ಬದುಕುತ್ತಿದ್ದ ನರಿಯೂ ಉಪವಾಸ ಬಿತ್ತು. ನರಿ ಹೋಗಿ ಹುಲಿಯ ಮುಂದೆ ಕೂತಿತು.

"ಒಡೆಯಾ, ಎಂಟು ದಿನ ತಾಳಿ. ಆ ಮುಸುವನ ಬಾಯಿ ಮುಚ್ಚಿಸ್ತೀನಿ."

"ಮರ ಹತ್ತಿ ಕೊಲ್ತೀಯಾ? ನೀನಾ?" ಎಂದಿತು ಹುಲಿ.

"ಕೊಲ್ಲೋದ್ಯಾಕೆ ಒಡೆಯಾ? ಅದಕ್ಕೊಂದು ಸೌಕರ್ಯ ಮಾಡಿಕೊಡ್ತೀನಿ."

ಕಾಡಿನಲ್ಲಿ ಮರಕುಟಿಗಗಳು ಬೇಕಾದಷ್ಟಿದ್ದವು. ಗೆದ್ದಲು ತುಂಬಿದ ದಿಮ್ಮಿಗಳನ್ನು ತೋರಿಸುತ್ತೇನೆ ಎಂದು ನರಿ ಅವುಗಳನ್ನು ಒಪ್ಪಿಸಿತು. ಒಂದೊಂದು ಪ್ರಾಣಿಯ ಹತ್ತಿರದ ಮರಕ್ಕೆ ಒಂದೊಂದು ಮರಕುಟಿಗವನ್ನು ಕೂರಿಸಿತು. ಇಲ್ಲಿ ಕುಟ್ಟಿದ ಸುದ್ದಿಯನ್ನು ಪಕ್ಕದ ಮರದ್ದು ಕೇಳಿ ಕುಟ್ಟಬೇಕು, ಅದನ್ನು ಆಚೆಯ ಮರದ್ದು. ಹೀಗೆ ಒಂದು ಮಾತು ಕ್ಷಣದಲ್ಲಿ ಕಾಡು ದಾಟುತ್ತಿತ್ತು. ಎಲ್ಲ ಸುದ್ದಿಯೂ ಹಳ್ಳದಾಚೆಯ ಒಂದು ಪೊಳ್ಳು ದಿಮ್ಮಿಯ ಮೂಲಕ ಹೋಗಬೇಕು. ಆ ದಿಮ್ಮಿಯ ಹತ್ತಿರ ನರಿ ಕೂತಿತು.

ಆಮೇಲೆ ನೇರಳೆ ಮರದ ಬುಡಕ್ಕೆ ಬಂದು ನರಿ ಕೂಗಿತು. "ಮುಸುವಣ್ಣಾ, ಅರ್ಧ ದಿನ ಅಲೆದು ಹಣ್ಣು ಹುಡುಕ್ತೀಯಲ್ಲ, ಕಾಲು ನೋಯಲ್ವಾ? ಇನ್ನುಮೇಲೆ ಎಲ್ಲಿ ಹಣ್ಣಾಗಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ. ಅರ್ಧ ದಿನ ಉಳೀತಲ್ಲ!"

"ಉಳಿದ ಅರ್ಧ ದಿನ ಏನು ಮಾಡಲಿ?"

"ನಿನ್ನಿಷ್ಟ ಕಣಣ್ಣ. ಮಲಗು, ಬಾಲ ಬಾಚಿಕೋ."

ಮೊದಲ ದಿನ ನರಿ ಹೇಳಿದ ಹಾಗೇ ಆಯಿತು. ಹಳ್ಳದ ಕೆಳಗೆ ಅತ್ತಿ ಹಣ್ಣಾಗಿದೆ ಎಂದು ಸುದ್ದಿ ಬಂತು. ಮುಸುವ ನೆಟ್ಟಗೆ ಹೋಗಿ ತಿಂದು ಬಂದು ಮಲಗಿತು. ಎರಡನೆಯ ದಿನ ಹಣ್ಣಿನ ಸುದ್ದಿಯ ಹಿಂದೆಯೇ ಕರಡಿಯ ಪ್ರಶ್ನೆ ಬಂತು: ಹಣ್ಣು ಸಿಹಿಯಾಗಿತ್ತೋ? ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಮುಳ್ಳುಹಂದಿಯದು: ಅಲ್ಲಿ ಮೋಡ ಇದೆಯಾ? ಹೇಳದಿದ್ದರೆ ಇನ್ನೊಂದು ಸಲ: ಯಾಕೆ ಮಾತಾಡ್ತಿಲ್ಲ, ಕೋಪವಾ? ಮಧ್ಯಾಹ್ನ ಸ್ವಲ್ಪ ನಿಂತಿತು ಅನ್ನುವಾಗ ದಿಮ್ಮಿಯಿಂದ ನರಿಯೇ ಕುಟ್ಟಿಸುತ್ತಿತ್ತು: ಇದ್ದೀಯಾ?

ನಾಲ್ಕೇ ದಿನದಲ್ಲಿ ಮುಸುವ ಕೂರುವ ರೀತಿಯೇ ಬದಲಾಯಿತು. ಮುಖ ಮರಕುಟಿಗದ ಕಡೆ, ಬೆನ್ನು ಹುಲ್ಲಿನ ಕಡೆ.

"ಅಣ್ಣಾ," ಎಂದಿತು ಜಿಂಕೆ ಕೆಳಗಿನಿಂದ, "ಎರಡು ದಿನದಿಂದ ಮೇಲಿಂದ ಒಂದು ಚಿಗುರೂ ಬೀಳ್ತಿಲ್ಲ."

"ಬಿಡುವಿಲ್ಲ ತಂಗೀ. ಇರು, ಕರಡಿಗೊಂದು ಮಾತು ಹೇಳಿ ಬರ್ತೀನಿ."

"ನನಗೆ ಚಿಗುರು ಬೇಡ. ನೀನು ಹುಲ್ಲಿನ ಕಡೆ ನೋಡ್ತಿದ್ದೀಯಾ ಅಷ್ಟು ಹೇಳು. ಮರಿ ಅಲ್ಲೇ ಮಲಗಿದೆ."

"ನೋಡ್ತೀನಿ, ನೋಡ್ತೀನಿ."

"ಅಲ್ಲಣ್ಣಾ, ಮೊದಲು ಅರ್ಧ ದಿನ ಅಲೆದು ಬಂದರೂ ನಿನಗೆ ಬಿಡುವಿತ್ತು. ಈಗ ಕೂತಲ್ಲೇ ಎಲ್ಲ ಗೊತ್ತಾಗುತ್ತೆ, ಬಿಡುವಿಲ್ಲ ಅಂತೀಯ."

"ನನಗೂ ಅದು ಅರ್ಥವಾಗಿಲ್ಲ," ಎಂದಿತು ಮುಸುವ. "ಕೂತು ಯೋಚನೆ ಮಾಡೋಣ ಅಂದರೆ ಹೊತ್ತೆಲ್ಲಿದೆ?"

ಎಂಟನೆಯ ದಿನ ಮಧ್ಯಾಹ್ನ ಹುಲಿ ಬಂತು. ಹುಲ್ಲು ಅಲ್ಲಾಡಿತು. ಪಟ್ಟೆ ಕಂಡಿತು. ಮೇಲಿಂದ ಯಾವ ಕೂಗೂ ಬರಲಿಲ್ಲ. ಮುಸುವ ಮುಳ್ಳುಹಂದಿಗೆ ಮೋಡದ ಬಣ್ಣ ಹೇಳುತ್ತಿತ್ತು.

ಮರಿ ಹಾಲಿಗಾಗಿ ಎದ್ದು ತಾಯಿಯ ಕಡೆ ಎರಡು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಹುಲಿ ಹಾರಿತು. ಮರಿ ಮೊದಲಿದ್ದ ಜಾಗಕ್ಕೆ ಗುರಿಯಿಟ್ಟದ್ದರಿಂದ ಉಗುರು ಬೆನ್ನನ್ನು ಗೀರಿಕೊಂಡು ಹೋಯಿತು, ಹಿಡಿತ ಸಿಗಲಿಲ್ಲ. ಮರಿ ಪಕ್ಕದ ಮುಳ್ಳುಪೊದೆಯೊಳಗೆ ಉರುಳಿತು. ಜಿಂಕೆ ಕಿರುಚಿತು. ಮುಸುವ ಬೆಚ್ಚಿ ತಿರುಗಿ ಕೂಗಿದ್ದು ಆಮೇಲೆ. ಗುಟ್ಟು ಬಯಲಾದ ಹುಲಿ ತಿರುಗಿ ಹೋಯಿತು. ಮರಿ ಬದುಕಿತು. ಆದರೆ ಅದರ ಬೆನ್ನಿನ ಮೇಲೆ ನಾಲ್ಕು ಉದ್ದ ಗಾಯಗಳಿದ್ದವು.

ಜಿಂಕೆ ಮರಿಯ ಬೆನ್ನು ನೆಕ್ಕುತ್ತ ನಿಂತಿತು. ಮುಸುವನನ್ನು ಬೈಯಲಿಲ್ಲ. ತಲೆ ಎತ್ತಿ ಮೇಲೆ ನೋಡಲೂ ಇಲ್ಲ.

ಮುಸುವ ಕೆಳಗಿಳಿದು ಬಂತು. ಗಾಯಗಳನ್ನು ನೋಡಿತು. ಮತ್ತೆ ಮರ ಹತ್ತಿತು.

"ಟಕ್," ಎಂದಿತು ಮರಕುಟಿಗ. "ನರಿ ಕೇಳ್ತಿದೆ, ಇದ್ದೀಯಾ ಅಂತ. ಏನು ಕುಟ್ಟಲಿ?"

"ಇಲ್ಲ ಅನ್ನು."

"ಇಲ್ಲ ಅನ್ನೋದಕ್ಕೆ ಕುಟ್ಟು ಇಲ್ಲವಲ್ಲಣ್ಣ. ಅದನ್ನ ನರಿ ನಮಗೆ ಕಲಿಸೇ ಇಲ್ಲ."

"ಹಾಗಾದರೆ ಏನೂ ಕುಟ್ಟಬೇಡ. ಹೋಗಿ ಗೆದ್ದಲು ತಿನ್ನು."

ಮರಕುಟಿಗಕ್ಕೆ ಗೆದ್ದಲು ತಿಂದು ಎಂಟು ದಿನವಾಗಿತ್ತು. ಅದು ಕೂಡಲೇ ಹಾರಿಹೋಯಿತು.

ಆಚೆ ದಿಮ್ಮಿಯ ಹತ್ತಿರ ನರಿಗೆ ಗಾಬರಿಯಾಯಿತು. ಮುಸುವ ಬಾಯಿ ಬಿಡುತ್ತಿಲ್ಲ, ಅಂದರೆ ಮುಸುವ ಹುಲ್ಲು ನೋಡುತ್ತಿದೆ. ಅದು ಕರಡಿಗೆ ಕುಟ್ಟಿಸಿತು, ಮುಳ್ಳುಹಂದಿಗೆ ಕುಟ್ಟಿಸಿತು, ಕಾಡುಹಂದಿಗೆ ಕುಟ್ಟಿಸಿತು: ಮುಸುವನನ್ನು ಮಾತಾಡಿಸಿ, ಮಾತಾಡಿಸಿ. ಅವೆಲ್ಲ ತಿರುಗಿ ನರಿಯನ್ನೇ ಕೇಳಿದವು: ಯಾಕೆ? ಏನಾಯಿತು? ಯಾವಾಗ? ಹುಷಾರಿಲ್ಲವಾ? ಎಲ್ಲ ಪ್ರಶ್ನೆಗಳೂ ಆ ಒಂದೇ ದಿಮ್ಮಿಗೆ ಬಂದು ಬೀಳುತ್ತಿದ್ದವು. ಒಂದಕ್ಕೆ ಉತ್ತರ ಹೇಳಿದರೆ ಮೂರು ಬರುತ್ತಿದ್ದವು. ಉತ್ತರ ಹೇಳದಿದ್ದರೆ ಆರು. ನರಿ ತಲೆಯನ್ನು ದಿಮ್ಮಿಯ ಪೊಳ್ಳಿನೊಳಗೆ ತೂರಿಸಿ ಕೂತಿತು. ಅದಕ್ಕೆ ಒಂದು ಏಡಿ ಹಿಡಿದು ತಿನ್ನಲೂ ಹೊತ್ತಿರಲಿಲ್ಲ.

ಮಾರನೆಯ ದಿನ ಹುಲಿ ಮತ್ತೆ ಹುಲ್ಲಿಗೆ ಬಂತು. ಮುಸುವ ಬಾಲ ಇಳಿಬಿಟ್ಟು ಸುಮ್ಮನೆ ಕೂತಿತ್ತು. "ಖೆಕ್! ಖೆಕ್!"

ಹುಲಿ ಹುಲ್ಲಿನಿಂದ ಎದ್ದು ನಿಂತಿತು. ಎಂಟು ದಿನ ಅಂದಿದ್ದ ನರಿ ಅದಕ್ಕೆ ನೆನಪಾಯಿತು. ಹಳ್ಳ ದಾಟಿ ನಡೆಯಿತು.

ನೇರಳೆ ಮರದ ತುದಿಯಿಂದ ಹಳ್ಳದಾಚೆಗೂ ಕಾಣುತ್ತಿತ್ತು. ಮುಸುವ ನೋಡಿತು. ಹುಲಿ ಹಿಡಿಯಹೊರಟದ್ದು ಯಾರನ್ನಾದರೇನು, ಅದು ಕಂಡರೆ ಕೂಗುವುದು ಮುಸುವನ ಅಭ್ಯಾಸ. ಇದ್ದ ಶಕ್ತಿಯೆಲ್ಲ ಸೇರಿಸಿ ಕೂಗಿತು. ಜಿಂಕೆಯೂ ಕೂಗಿತು. ನರಿಗೆ ಏನೋ ಸದ್ದು ಕೇಳಿಸಿತು. ಆಮೇಲೆ ನೋಡೋಣ ಅಂದುಕೊಂಡಿತು.

"ಎಲ್ಲಿ ನನ್ನ ಊಟ?" ಎಂದಿತು ಹುಲಿ, ಅದರ ಹಿಂದೆ ನಿಂತು.

"ಒಂದು ನಿಮಿಷ," ಎಂದಿತು ನರಿ, ತಲೆ ಹೊರಗೆ ತೆಗೆಯದೆ. "ಇದೊಂದಕ್ಕೆ ಉತ್ತರ ಹೇಳಿಬಿಡ್ತೀನಿ."

ಅದು ಉತ್ತರ ಹೇಳುವ ಮೊದಲೇ ಹುಲಿಗೆ ಊಟ ಸಿಕ್ಕಿತ್ತು. ಸ್ವಲ್ಪ ಹೊತ್ತು ದಿಮ್ಮಿಯ ಮೇಲೆ ಟಕ್ ಟಕ್ ಎಂದು ಕೇಳುತ್ತಲೇ ಇತ್ತು: ಇದ್ದೀಯಾ? ಇದ್ದೀಯಾ? ಆಮೇಲೆ ಮರಕುಟಿಗಗಳು ಒಂದೊಂದಾಗಿ ಗೆದ್ದಲು ಹುಡುಕಿಕೊಂಡು ಹೋದವು. ಮಧ್ಯಾಹ್ನದ ಕಾಡು ಮೊದಲಿನ ಹಾಗೆ ಆಯಿತು.

ಮರಿಯ ಗಾಯ ಮಾಗುವವರೆಗೆ ಮುಸುವ ಅಲ್ಲೇ ಇತ್ತು. ಮರಿ ತಾಯಿಗಿಂತ ಮುಂದೆ ಓಡಿದ ದಿನ, ಹಣ್ಣಿನ ವಾಸನೆ ಹಿಡಿದು ಮುಸುವಗಳ ಒಂದು ಗುಂಪೇ ನೇರಳೆ ಮರಕ್ಕೆ ಬಂದಿಳಿಯಿತು. ನಮ್ಮ ಮುಸುವ ಮುತ್ತುಗದ ಎಲೆಯಲ್ಲಿ ಒಂದಿಷ್ಟು ನೇರಳೆ ಹಣ್ಣು ಹಾಕಿ, ಬಳ್ಳಿಯಿಂದ ಗಂಟು ಕಟ್ಟತೊಡಗಿತು.

"ಹೊರಟೆಯಾ ಅಣ್ಣಾ?" ಎಂದಿತು ಜಿಂಕೆ. "ಈ ಹೊಸಬರಿಗೆ ಏನು ಹೇಳಲಿ?"

"ಮಧ್ಯಾಹ್ನ ಮಾತ್ರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ ಅನ್ನು," ಎಂದಿತು ಮುಸುವ. ಗಂಟನ್ನು ಎಳೆದು ಬಿಗಿ ಮಾಡಿತು. ಮೇಲಿಂದ ಒಂದು ಚಿಗುರು ಕಿತ್ತು, ಅರ್ಧ ತಿಂದು, ಅರ್ಧವನ್ನು ಮರಿಯ ಮುಂದೆ ಹಾಕಿತು.

ನೀತಿ: ಬಿಡುವಿನ ಹೊತ್ತು ದಂಡದ ಹೊತ್ತಲ್ಲ, ಕರೆದದ್ದಕ್ಕೆಲ್ಲ ಓಗೊಡುತ್ತ ಕೂತವರಿಗೆ ತಮ್ಮ ಸುತ್ತ ಏನಾಗುತ್ತಿದೆ ಎಂಬುದೇ ಕಾಣುವುದಿಲ್ಲ.