ಬಾವಿ ತೋಡುವವನ ಉದ್ದ ಗಾಡಿ

"ಗುರುಗಳೇ, ಹೆಂಡತಿ ಮಕ್ಕಳೂ ಕೂರಬೇಕು, ಕಸುಬಿನ ಸಾಮಾನೂ ಹಿಡಿಸಬೇಕು. ಅಂಥ ಗಾಡಿಯನ್ನು ಏನು ನೋಡಿ ಆರಿಸಬೇಕು?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ಕಂಬಳಿ ನೇಯುವವನು. ಮಗ್ಗವನ್ನೂ ಉಣ್ಣೆಯ ಮೂಟೆಗಳನ್ನೂ ಕಟ್ಟಿಕೊಂಡು ಊರಿಂದ ಊರಿಗೆ ಹೋಗುವುದು ಅವನ ಬದುಕು. ಅಂದು ಸಂಸಾರ ಸಮೇತ ಮಠಕ್ಕೆ ಬಂದಿದ್ದ. ಹೆಂಡತಿ ಮಗುವನ್ನು ಮಲಗಿಸಿಕೊಂಡು ಹೊರಗಿನ ಜಗಲಿಯಲ್ಲಿ ಕುಳಿತಿದ್ದಳು.

ಗುರುಗಳು ಗಾಡಿಯ ವಿಚಾರ ಎತ್ತಲಿಲ್ಲ. ಒಬ್ಬ ಬಾವಿ ತೋಡುವವನ ಕತೆ ಹೇಳಿದರು.

ಆ ಬಾವಿ ತೋಡುವವನಿಗೆ ಹೆಂಡತಿ, ಮಾತು ಕಲಿತ ಒಬ್ಬ ಮಗಳು, ಕಂಕುಳ ಕೂಸಾದ ಒಬ್ಬ ಮಗ ಇದ್ದರು. ಹೆಂಡತಿಯ ಹೆಸರು ಹೊನ್ನವ್ವ, ಮಗಳ ಹೆಸರು ಕಲ್ಲವ್ವ. ಕೆಲಸ ಸಿಕ್ಕ ಊರಿಗೆ ಎಲ್ಲರೂ ಹೋಗಬೇಕು, ಬಾವಿಯಲ್ಲಿ ನೀರು ಬರುವ ತನಕ ಅಲ್ಲೇ ಇರಬೇಕು. ಅವನ ಸಾಮಾನು ಬಹಳ. ದಪ್ಪ ಹಗ್ಗದ ಸುರುಳಿಗಳು, ರಾಟೆ, ಅದನ್ನು ನಿಲ್ಲಿಸುವ ಮರದ ಕಾಲುಗಳು, ಹಾರೆ, ಗುದ್ದಲಿ, ಮಣ್ಣು ಎತ್ತುವ ಕಬ್ಬಿಣದ ಬುಟ್ಟಿಗಳು. ಹಳೆಯ ಗಾಡಿ ಈ ಭಾರಕ್ಕೆ ಮುರಿದುಬಿತ್ತು. ದೂರದ ಬಯಲಿನಲ್ಲಿ ಹೊಸದಾಗಿ ಎದ್ದ ಒಂದು ಊರಿನವರು ಬಾವಿಗಾಗಿ ಅವನಿಗೆ ಹೇಳಿ ಕಳಿಸಿದ್ದರು. ಬೇಗ ಬರುತ್ತೇನೆಂದು ಅವನು ಮಾತು ಕೊಟ್ಟಿದ್ದ. ಆದ್ದರಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗಾಡಿ ಮಾರುವ ಬಡಗಿಯ ಬಳಿಗೆ ಹೋದ.

ಬಡಗಿಯ ಅಂಗಳದಲ್ಲಿ ಎರಡು ಗಾಡಿಗಳಿದ್ದವು. ಒಂದು ಚಿಕ್ಕದು. ಅದರಲ್ಲಿ ಎಲ್ಲರೂ ಒತ್ತಾಗಿ ಕೂತರೆ ಸಾಮಾನು ಅರ್ಧ ಮಾತ್ರ ಹಿಡಿಸುತ್ತಿತ್ತು. ಇನ್ನೊಂದು ಉದ್ದವಾದ ಕಮಾನು ಗಾಡಿ. ಹೊಡೆಯುವವನಿಗೆ ಮುಂದೆ ಜಾಗ, ಸಾಮಾನಿಗೆ ನಡುವೆ ಆಳವಾದ ಜಾಗ, ಸಂಸಾರಕ್ಕೆ ಹಿಂದೆ ನೆರಳಿನ ಜಾಗ. ಬಾವಿ ತೋಡುವವನು ನಡುವಿನ ಜಾಗವನ್ನು ಮೊಳ ಹಾಕಿ ಅಳೆದ. ಎಲ್ಲ ಸಾಮಾನೂ ಹಿಡಿಸುತ್ತಿತ್ತು.

ಬಡಗಿ ಸುಳ್ಳು ಹೇಳುವವನಲ್ಲ. ಉದ್ದ ಗಾಡಿಯನ್ನು ಹಿಂದೆ ಒಬ್ಬ ಪಾತ್ರೆ ವ್ಯಾಪಾರಿ ಕೊಂಡಿದ್ದನೆಂದೂ, ಸಂಸಾರ ಕೂರಿಸಿಕೊಂಡು ಹೋದನೆಂದೂ ತಿಳಿಸಿದ. ಒಂದು ಬೆಳಿಗ್ಗೆ ಬಡಗಿ ಎದ್ದು ನೋಡಿದರೆ ಗಾಡಿ ಮತ್ತೆ ಅವನ ಅಂಗಳದಲ್ಲಿ ನಿಂತಿತ್ತು. ಪಾತ್ರೆಗಳು ಕಟ್ಟಿದ ಹಾಗೇ ಇದ್ದವು. ಜನ ಇರಲಿಲ್ಲ. ಅವರನ್ನು ಆಮೇಲೆ ಯಾರೂ ಕಂಡವರಿಲ್ಲ.

ಪಾತ್ರೆಗಳಲ್ಲಿ ಯಾವುದಾದರೂ ನೆಗ್ಗಿತ್ತೇ ಎಂದು ಬಾವಿ ತೋಡುವವನು ಕೇಳಿದ. ಒಂದೂ ನೆಗ್ಗಿರಲಿಲ್ಲ ಎಂದ ಬಡಗಿ. ಅಚ್ಚು ಸವೆದಿತ್ತೇ ಎಂದು ಕೇಳಿದ. ಇಲ್ಲ ಎಂದ ಬಡಗಿ. ಹೊನ್ನವ್ವ ಗಂಡನನ್ನು ಪಕ್ಕಕ್ಕೆ ಕರೆದು, ಚಿಕ್ಕ ಗಾಡಿಯೇ ಸಾಕು, ಸಾಮಾನನ್ನು ಎರಡು ಸಲ ಒಯ್ದರಾಯಿತು ಎಂದಳು. ಅವನು ಒಪ್ಪಲಿಲ್ಲ. ಉದ್ದ ಗಾಡಿಯನ್ನೇ ಕೊಂಡ.

ಗಾಡಿ ಬಹಳ ಚೆನ್ನಾಗಿ ನಡೆಯಿತು. ಗಾಲಿ ಕಿರುಗುಟ್ಟಲಿಲ್ಲ. ಕಲ್ಲು ದಾರಿಯಲ್ಲೂ ಕುಲುಕಾಟ ತಿಳಿಯಲಿಲ್ಲ. ಅವನು ಮುಂದೆ ಕುಳಿತಿದ್ದ. ಹಗ್ಗ, ರಾಟೆ, ಬುಟ್ಟಿಗಳು ನಡುವೆ ಗೋಡೆಯ ಹಾಗೆ ಎದ್ದಿದ್ದರಿಂದ ಹಿಂದೆ ಕೂತವರು ಅವನಿಗೆ ಕಾಣುತ್ತಿರಲಿಲ್ಲ. ಹಳೆಯ ಗಾಡಿಯಲ್ಲಿ ದಾರಿಯುದ್ದಕ್ಕೂ ಮಾತು ಇರುತ್ತಿತ್ತು, ಜಗಳವೂ ಇರುತ್ತಿತ್ತು. ಈಗ ಅವನು ಆಗಾಗ ತಿರುಗದೆಯೇ ಒಂದು ಮಾತು ಕೇಳುತ್ತಿದ್ದ. ಕೂಸು ಮಲಗಿತೇ, ಬಿಸಿಲು ಬಡಿಯುತ್ತಿದೆಯೇ ಎಂದು ಕೇಳಿದರೆ ಹಿಂದಿನಿಂದ "ಹೂಂ" ಎಂದು ಬರುತ್ತಿತ್ತು. ಅವನಿಗೆ ಅಷ್ಟು ಸಾಕಾಗಿತ್ತು. ಇಂಥ ಸುಖದ ಪ್ರಯಾಣವನ್ನು ಅವನು ಕಂಡೇ ಇರಲಿಲ್ಲ.

ಮೊದಲ ದಿನ ಸಂಜೆ ಗಾಡಿ ನಿಲ್ಲಿಸಿ ಎತ್ತು ಬಿಚ್ಚಿದಾಗ ಹೊನ್ನವ್ವ ಅವನ ಹತ್ತಿರ ಬಂದು ಕುಳಿತಳು.

"ನೀವು ಕೇಳಿದ್ದಕ್ಕೆಲ್ಲ ನಾನೇ ಹೂಂ ಅಂದದ್ದಲ್ಲ" ಎಂದಳು. "ನಾನು ಬಾಯಿ ತೆರೆಯುವ ಮೊದಲೇ ಯಾರೋ ಅಂದ ಹಾಗಾಗುತ್ತದೆ."

ಹೊಸ ಅಚ್ಚಿಗೆ ಎಣ್ಣೆ ಸಾಲದಿದ್ದರೆ ಹಾಗೆ ಸದ್ದು ಬರುತ್ತದೆ ಎಂದು ಅವನು ಹೇಳಿದ. ಆ ಗಾಡಿಯ ಅಚ್ಚು ಹೊಸದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಹೊನ್ನವ್ವ ಮಾತು ಬೆಳೆಸಲಿಲ್ಲ. ಎದ್ದು ಮಕ್ಕಳ ಬಳಿಗೆ ಹೋದಳು.

ಮರುದಿನ ಮಧ್ಯಾಹ್ನ ಒಂದು ಕೆರೆಯ ಹತ್ತಿರ ಎತ್ತುಗಳಿಗೆ ನೀರು ಕುಡಿಸಿದ. ಮತ್ತೆ ನೊಗ ಹೂಡಿ ಮುಂದೆ ಕುಳಿತು, ಎಲ್ಲರೂ ಹತ್ತಿದಿರಾ ಎಂದು ಕೇಳಿದ. ಹಿಂದಿನಿಂದ "ಹೂಂ" ಎಂದು ಬಂತು. ಗಾಡಿ ಹೊಡೆದ. ಸಂಜೆ ಊಟ ಆಯಿತೇ ಎಂದು ಕೇಳಿದ. "ಹೂಂ." ತನ್ನ ಗಂಟಿನಲ್ಲಿದ್ದ ರೊಟ್ಟಿ ತಿಂದು ಎತ್ತುಗಳ ಪಕ್ಕದಲ್ಲೇ ಮಲಗಿದ. ಬೆಳಿಗ್ಗೆ ಹೊರಡೋಣವೇ ಎಂದು ಕೇಳಿದ. "ಹೂಂ." ಮತ್ತೆ ಹೊಡೆದ.

ಬಿಸಿಲೇರಿದ ಮೇಲೆ ಅವನಿಗೆ ಬಾಯಾರಿತು. ನೀರಿನ ಕೊಡ ಗಾಡಿಯ ಹಿಂದೆ ಇತ್ತು. ಕೊಡು ಎಂದು ಹೊನ್ನವ್ವನನ್ನು ಕೇಳಿದ. "ಹೂಂ" ಎಂದು ಬಂತು, ನೀರು ಬರಲಿಲ್ಲ. ಇನ್ನೊಂದು ಸಲ ಕೇಳಿದ. ಮತ್ತೆ ಅದೇ ಬಂತು. ಗಾಡಿ ನಿಲ್ಲಿಸಿ, ಇಳಿದು, ಹಿಂದಕ್ಕೆ ಹೋದ.

ಹಿಂದೆ ಯಾರೂ ಇರಲಿಲ್ಲ. ಚಾಪೆ ಹಾಸಿದ ಹಾಗೇ ಇತ್ತು. ಕೊಡದ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ.

ಬಯಲಿನಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಅವನು ಖಾಲಿ ಕಮಾನಿನೊಳಗೆ ತಲೆ ಹಾಕಿ ಹೆಂಡತಿಯ ಹೆಸರು ಹಿಡಿದು ಮೆಲ್ಲಗೆ ಕರೆದ.

"ಹೂಂ" ಎಂದಿತು.

ಅದು ಅವನ ಮುಖದ ಎದುರಿನಿಂದಲೇ ಬಂತು. ಕೈ ಚಾಚಿದ. ಚಾಪೆಯ ಬಿಸಿ ತಗುಲಿತು, ಮತ್ತೇನೂ ತಗುಲಲಿಲ್ಲ. ಅವನು ಕೊಡವನ್ನು ಮಾತ್ರ ಎತ್ತಿಕೊಂಡು, ಎತ್ತುಗಳನ್ನೂ ಗಾಡಿಯನ್ನೂ ಅಲ್ಲೇ ಬಿಟ್ಟು, ಬಂದ ದಾರಿಯಲ್ಲಿ ಓಡಿದ.

ಹೊತ್ತು ಇಳಿಯುವಾಗ ಎದುರಿನಿಂದ ಹೊನ್ನವ್ವ ಬರುವುದು ಕಾಣಿಸಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಮಗಳು. ಗಾಲಿಯ ಗುರುತು ಹಿಡಿದು ನಡೆದು ಬರುತ್ತಿದ್ದರು. ರಾತ್ರಿ ಕುರಿಗಾರರ ಹಟ್ಟಿಯಲ್ಲಿ ಉಳಿದಿದ್ದರು. ಅವರು ಕೊಟ್ಟ ರೊಟ್ಟಿಯಿಂದ ಮಕ್ಕಳ ಹಸಿವು ನೀಗಿತ್ತು. ಅವನು ಕೊಡವನ್ನು ಇಳಿಸಿ ದಾರಿಯಲ್ಲೇ ಕುಳಿತುಬಿಟ್ಟ. ಹೇಳದೆ ಯಾಕೆ ಇಳಿದಿರಿ ಎಂದು ಕೇಳಿದ.

"ಕೆರೆಯಲ್ಲಿ ಕೂಸಿನ ಬಟ್ಟೆ ತೊಳೆದು ಬರುತ್ತೇನೆ, ನಿಲ್ಲಿ ಎಂದೆ. ನೀವು ಹೂಂ ಅಂದಿರಿ" ಎಂದಳು ಹೊನ್ನವ್ವ. "ಗಾಡಿ ಹೊರಟಿತು. ನಿಲ್ಲಿಸಿ ಎಂದು ಕೂಗುತ್ತ ಹಿಂದೆ ಓಡಿದೆವು. ಕೂಗಿದಾಗಲೆಲ್ಲ ಹೂಂ ಅಂದಿರಿ. ನಿಲ್ಲಿಸಲಿಲ್ಲ."

ಅವನು ಕೆರೆಯ ಬಳಿ ಯಾರ ಮಾತಿಗೂ ಹೂಂ ಅಂದಿರಲಿಲ್ಲ. ಯಾರ ಕೂಗನ್ನೂ ಕೇಳಿರಲಿಲ್ಲ.

ಮಗಳನ್ನು ಎತ್ತಿಕೊಳ್ಳಲು ಕೈ ನೀಡಿದ. ಕಲ್ಲವ್ವ ತಾಯಿಯ ಸೆರಗಿನ ಹಿಂದೆ ಸರಿದಳು. ಅಪ್ಪನ ಹತ್ತಿರ ಬಾರೆಯಾ ಎಂದು ಕೇಳಿದರೆ ಅವನ ಬಾಯನ್ನೇ ನೋಡುತ್ತ ನಿಂತಳು.

"ಹೂಂ ಅನ್ನಬೇಡ. ಬೇರೆ ಏನಾದರೂ ಹೇಳು" ಎಂದಳು.

ಅವಳು ಹುಟ್ಟಿದ ದಿನ ತಾನು ಬಾವಿಯ ತಳದಲ್ಲಿದ್ದುದನ್ನು ಅವನು ಹೇಳಿದ. ಹೆಣ್ಣು ಮಗು ಎಂದು ಮೇಲಿನಿಂದ ಯಾರೋ ಕೂಗಿದರು, ಆ ಗಳಿಗೆಯಲ್ಲೇ ಕಲ್ಲಿನ ಸಂದಿಯಿಂದ ನೀರು ಬಂತು, ಅದಕ್ಕೇ ಕಲ್ಲವ್ವ ಎಂದು ಹೆಸರಿಟ್ಟೆ ಎಂದ. ಅದನ್ನು ಅವನು ಅದುವರೆಗೆ ಅವಳಿಗೆ ಹೇಳಿರಲಿಲ್ಲ. ಮಗಳು ಪೂರ್ತಿ ಕೇಳಿಸಿಕೊಂಡು, ಬಂದು ಅವನ ಮಡಿಲಲ್ಲಿ ಕುಳಿತಳು.

ಆ ರಾತ್ರಿ ಅಲ್ಲೇ ಕಳೆದು, ಮರುದಿನ ನಾಲ್ವರೂ ಗಾಡಿ ಬಿಟ್ಟ ಜಾಗಕ್ಕೆ ಹೋದರು. ಎತ್ತುಗಳು ಮೇಯುತ್ತಿದ್ದವು. ಅವುಗಳ ಕೊರಳಿನಿಂದ ನೊಗ ಕಳಚಿತ್ತು. ಗಾಡಿ ಇರಲಿಲ್ಲ. ಗಾಲಿಯ ಗುರುತು ಮಾತ್ರ ಬಯಲಿನಲ್ಲಿ ನೇರವಾಗಿ ಮುಂದೆ ಹೋಗಿತ್ತು. ಆ ಗುರುತಿನ ನಡುವೆ ಗೊರಸಿನ ಹೆಜ್ಜೆ ಒಂದೂ ಇರಲಿಲ್ಲ.

ಅವನ ಬದುಕಿನ ಸಾಮಾನೆಲ್ಲ ಅದರಲ್ಲಿತ್ತು. ಕೂಗಿ ನಿಲ್ಲಿಸುವವನ ಹಾಗೆ ಅವನು ಬಾಯಿ ತೆರೆದ. ಹೊನ್ನವ್ವ ಅವನ ತೋಳು ಹಿಡಿದಳು. ಅವನು ಕೂಗಲಿಲ್ಲ.

ಮಕ್ಕಳನ್ನು ಎತ್ತುಗಳ ಬೆನ್ನ ಮೇಲೆ ಕೂರಿಸಿ, ಬೇರೆ ದಾರಿ ಹಿಡಿದು, ಅವರು ಆ ಊರಿಗೆ ಹೋದರು. ತಡವಾಯಿತೆಂದು ಊರಿನವರು ಬೈದರು. ಎರವಲು ಗುದ್ದಲಿ, ಎರವಲು ಹಗ್ಗ. ಬಾವಿ ಮುಗಿಯಲು ಬಹಳ ಕಾಲ ಹಿಡಿಯಿತು. ಅಂತೂ ನೀರು ಬಂತು. ಮುಂದೆ ಅವನು ಬಡಗಿಯ ಹತ್ತಿರ ಚಿಕ್ಕ ಗಾಡಿಯನ್ನು ಕೊಂಡ. ಸಾಮಾನನ್ನು ಎರಡು ಸಲ ಒಯ್ದು, ದಾರಿಯುದ್ದಕ್ಕೂ ಹೆಂಡತಿಯೊಡನೆ ಜಗಳವಾಡುತ್ತ ಬಾಳಿದ. ಉದ್ದ ಗಾಡಿ ಎಲ್ಲಿಗೆ ಹೋಯಿತೆಂದು ಯಾರನ್ನೂ ವಿಚಾರಿಸಲಿಲ್ಲ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು. ಹಾಲಪ್ಪ ತಲೆ ತಗ್ಗಿಸಿ ಕುಳಿತಿದ್ದವನು ನಿಧಾನವಾಗಿ ತಲೆ ಎತ್ತಿದ.

"ಗುರುಗಳೇ, ಆ ಗಾಡಿಯಲ್ಲಿ ಹೂಂ ಅನ್ನುತ್ತಿದ್ದವರು ಯಾರು?" ಎಂದು ಕೇಳಿದ.

"ಆಗಿನಿಂದ ನಿನ್ನ ಹೆಂಡತಿ ಜಗಲಿಯಿಂದ ನಿನ್ನನ್ನು ಕರೆಯುತ್ತಿದ್ದಾಳೆ, ಅವಳಿಗೆ ಹೂಂ ಅನ್ನುತ್ತಿರುವವರು ಯಾರು?" ಎಂದರು ಗುರುಗಳು.

ಹಾಲಪ್ಪ ಎದ್ದು ಜಗಲಿಯ ಕಡೆಗೆ ಓಡಿದ.